ನಮ್ಮ ಬೀದಿಯ ಹಳೇ ಮೋಟೆಲ್ ಮನೆಯಿಲ್ಲದವರ ವಸತಿ ಆಗುತ್ತಂತೆ. ಸಭೆಯಲ್ಲಿ ಏನು ಕೇಳಬೇಕು?

ಹಾಸನದ ಹುಡುಗಿ:
ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಇರುವವರಿಗೆ ಒಂದು ಪ್ರಶ್ನೆ. ನಮ್ಮ ಮನೆಗೆ ಹತ್ತಿರದಲ್ಲೇ ಒಂದು ಹಳೇ ಮೋಟೆಲ್ ಇದೆ. ಕೋವಿಡ್ ಆದಮೇಲೆ ಅದು ಸರಿಯಾಗಿ ನಡೆಯಲೇ ಇಲ್ಲ. ಈಗ ಬೋರ್ಡಿನ ಲೈಟೂ ಉರಿಯುವುದಿಲ್ಲ. ಅದನ್ನು ಕೌಂಟಿಯವರು (ನಮ್ಮ ಜಿಲ್ಲಾಡಳಿತದ ಹಾಗೆ) ಕೊಂಡು, ಬೀದಿಯಲ್ಲಿ, ಕಾರಿನಲ್ಲಿ ಮಲಗುವವರಿಗೆ ಮನೆ ಮಾಡಿಕೊಡುತ್ತಾರಂತೆ. ಹೋಮ್‌ಕೀ ಅನ್ನುವ ಯೋಜನೆ. ಬರೀ ರಾತ್ರಿ ಮಲಗಿ ಎದ್ದುಹೋಗುವ ಜಾಗ ಅಲ್ಲ. ಬಾಡಿಗೆ ಕರಾರು ಇರುತ್ತದೆ, ಅಲ್ಲೇ ನೋಡಿಕೊಳ್ಳಲು ಸಿಬ್ಬಂದಿಯೂ ಇರುತ್ತಾರೆ ಅಂತ ನೋಟಿಸ್‌ನಲ್ಲಿದೆ.

ನೋಟಿಸ್ ಬಂದಾಗಿನಿಂದ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಇದೇ ಗಲಾಟೆ. ಇದು ಬೇಡ ಅಂತ ಸಹಿ ಸಂಗ್ರಹ ಶುರುವಾಗಿದೆ. ಸಹಿ ಹಾಕಿದವರಲ್ಲಿ ನಮ್ಮ ದೇಶದವರೇ ಜಾಸ್ತಿ, ಅದೂ ನಿಜ. ನನ್ನ ಮಗಳು ಆ ಮೋಟೆಲ್ ಮುಂದೆಯೇ ನಡೆದು ಸ್ಕೂಲಿಗೆ ಹೋಗುತ್ತಾಳೆ. ಹಾಗಾಗಿ ನನಗೂ ಒಳಗೊಳಗೇ ಅಳುಕಿದೆ. ಆದರೆ ಸಹಿ ಹಾಕಲು ಮನಸ್ಸು ಬರಲಿಲ್ಲ. ಮುಂದಿನ ವಾರ ಸಭೆ. ಸುಮ್ನೆ ಕೂಗಾಡಿ ಬರುವ ಬದಲು ಏನು ಕೇಳಿದರೆ ಉಪಯೋಗ ಆಗುತ್ತದೆ? ಗೊತ್ತಿರುವವರು ಹೇಳಿ.

ಲೆಕ್ಕದ ಮೇಷ್ಟ್ರು:
ನಾನು ಸಹಿ ಹಾಕಿದವನು, ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷದ ಸಾಲ ತಲೆ ಮೇಲೆ ಹೊತ್ತು ಮನೆ ತಗೊಂಡಿದ್ದೇವೆ. ಪಕ್ಕದಲ್ಲಿ ಏನು ಬರುತ್ತದೆ ಅಂತ ಕೇಳುವ ಹಕ್ಕು ನಮಗಿಲ್ವಾ? ಇನ್ನೊಂದು ವಿಷಯ. ಕ್ಯಾಲಿಫೋರ್ನಿಯಾ ಸರ್ಕಾರ ಐದು ವರ್ಷದಲ್ಲಿ 2,400 ಕೋಟಿ ಡಾಲರ್ ಈ ಸಮಸ್ಯೆಗೆ ಸುರಿದಿದೆ. ಅದರಿಂದ ಏನಾಯಿತು ಅಂತ ಸರಿಯಾಗಿ ಲೆಕ್ಕ ಇಟ್ಟಿಲ್ಲ. ಇದು ನನ್ನ ಮಾತಲ್ಲ, 2024ರ ಏಪ್ರಿಲ್‌ನಲ್ಲಿ ರಾಜ್ಯದ ಲೆಕ್ಕ ಪರಿಶೋಧಕರೇ ಹೇಳಿದ್ದು. ಹವೆ ಚೆನ್ನಾಗಿದೆ, ಹಣ ಕೊಡುತ್ತಾರೆ ಅಂತ ದೇಶದ ಎಲ್ಲ ಕಡೆಯಿಂದ ಇಲ್ಲಿಗೆ ಬರುತ್ತಾರೆ. ಇನ್ನಷ್ಟು ಮನೆ ಕಟ್ಟಿದರೆ ಇನ್ನಷ್ಟು ಜನ ಬರುತ್ತಾರೆ. ಅಷ್ಟೇ.

ತುಂಗೆಯ ದಡ:
ಮೇಷ್ಟ್ರೇ, ನಾನು ಇಂಥದ್ದೇ ಒಂದು ಕಟ್ಟಡದಲ್ಲಿ ಕೇಸ್ ಮ್ಯಾನೇಜರ್, ಅಂದರೆ ಅಲ್ಲಿರುವವರ ಬೇಕುಬೇಡ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಯಾವುದು ಅಂತ ಹೇಳುವ ಹಾಗಿಲ್ಲ. ನೀವು ಹೇಳಿದ ಲೆಕ್ಕ ಪರಿಶೋಧನೆಯ ವರದಿ ನಾನೂ ಓದಿದ್ದೇನೆ. ಲೆಕ್ಕ ಇಟ್ಟಿಲ್ಲ ಅನ್ನುವುದು ಸರಿ. ಆದರೆ ಅದೇ ವರದಿಯಲ್ಲಿ, ಕೊಟ್ಟ ದುಡ್ಡಿಗೆ ಕೆಲಸ ಆಗಿರುವ ಹಾಗೆ ಕಾಣುತ್ತದೆ ಅಂತ ಹೆಸರು ಹೇಳಿದ ಕಾರ್ಯಕ್ರಮಗಳಲ್ಲಿ ಹೋಮ್‌ಕೀ ಕೂಡ ಒಂದು.

ಹೊರಗಿನಿಂದ ಬರುತ್ತಾರೆ ಅನ್ನುವ ಮಾತಿಗೆ ಉತ್ತರ ಬೇಕಾದರೆ, ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್ ವಿಶ್ವವಿದ್ಯಾಲಯದವರ ದೊಡ್ಡ ಅಧ್ಯಯನ 2023ರಲ್ಲಿ ಬಂದಿದೆ. ಹತ್ತರಲ್ಲಿ ಒಂಬತ್ತು ಜನ ಕ್ಯಾಲಿಫೋರ್ನಿಯಾದಲ್ಲಿ ಇದ್ದಾಗಲೇ ಮನೆ ಕಳೆದುಕೊಂಡವರು. ಮುಕ್ಕಾಲು ಪಾಲು ಜನ ಕೊನೆಯದಾಗಿ ಮನೆ ಇದ್ದ ಕೌಂಟಿಯಲ್ಲೇ ಇದ್ದಾರೆ. ಒಂಟಿ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ 50 ದಾಟಿದವರು. ಬೀದಿಗೆ ಬೀಳುವ ಮುಂಚೆ ಮನೆಯ ತಿಂಗಳ ಆದಾಯದ ಮಧ್ಯದ ಅಂಕಿ 960 ಡಾಲರ್. ಈ ಊರಲ್ಲಿ ಅಷ್ಟಕ್ಕೆ ಒಂದು ಕೋಣೆ ಸಿಗುತ್ತಾ, ನೀವೇ ಹೇಳಿ.

ಬೇಲಿ ಮೇಲೆ ಕೂತವ:
960ಕ್ಕೆ ಗ್ಯಾರೇಜೂ ಸಿಗಲ್ಲ ಗುರೂ. ನಾನು ಬಂದ ಹೊಸತರಲ್ಲಿ ಅದಕ್ಕಿಂತ ಜಾಸ್ತಿ ಕೊಟ್ಟು ಹಾಲ್‌ನಲ್ಲಿ ಪರದೆ ಕಟ್ಟಿಕೊಂಡು ಮಲಗಿದ್ದೆ.

ಮೋಟೆಲ್ ಮಂಜ:
ನಾನು ಬಹಳ ವರ್ಷ ಒಂದು ಮೋಟೆಲ್‌ನಲ್ಲಿ ಫ್ರಂಟ್ ಡೆಸ್ಕ್ ನೋಡಿಕೊಂಡವನು. ಮಾಲೀಕರು ಗುಜರಾತಿನವರು. ಗೊತ್ತಲ್ಲ, ಈ ದೇಶದ ಹೋಟೆಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಭಾರತೀಯ ಮೂಲದವರ ಕೈಯಲ್ಲಿವೆ. ಹಾಗಾಗಿ ಈ ಮಾರಾಟದಲ್ಲಿ ಆ ಕಡೆ ಕೂತು ಕಾಗದಕ್ಕೆ ಸಹಿ ಹಾಕುವವರೂ ಎಷ್ಟೋ ಸಲ ನಮ್ಮವರೇ.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಹೇಳುತ್ತೇನೆ. ಮನೆಯಿಲ್ಲದವರು ಮೋಟೆಲ್‌ನಲ್ಲಿ ಹೊಸದಾಗಿ ಬಂದು ಕೂರುವುದಲ್ಲ. ಮುಂಚಿನಿಂದಲೂ ಅಲ್ಲೇ ಇದ್ದಾರೆ. ಸಂಬಳ ಬಂದ ವಾರ ಕೋಣೆ, ದುಡ್ಡು ಮುಗಿದ ವಾರ ಕಾರು. ಮಕ್ಕಳು ಅಲ್ಲಿಂದಲೇ ಸ್ಕೂಲ್ ಬಸ್ ಹತ್ತುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 30 ದಿನ ಮೀರಿ ಇದ್ದರೆ ಅವರು ಬಾಡಿಗೆದಾರರು, ಸುಮ್ನೆ ಹೊರಗೆ ಹಾಕುವ ಹಾಗಿಲ್ಲ. ಅದಕ್ಕೇ ಕೆಲವು ಕಡೆ 28ನೇ ದಿನ ಖಾಲಿ ಮಾಡಿಸಿ, ಮತ್ತೆ ಹೊಸದಾಗಿ ಹೆಸರು ಬರೆಸಿಕೊಳ್ಳುವುದು ಇತ್ತು. ಹೀಗೆ ಮಾಡುವುದು ಕಾನೂನಿಗೆ ವಿರುದ್ಧ. ಆದರೂ ನಡೆಯುತ್ತಿತ್ತು. ಸಾಮಾನೆಲ್ಲ ಕಪ್ಪು ಕಸದ ಚೀಲಕ್ಕೆ ತುಂಬಿ, ಪಾರ್ಕಿಂಗ್‌ನಲ್ಲಿ ಇಟ್ಟು, ಸಂಜೆ ಮತ್ತೆ ಅದೇ ಕೋಣೆಗೆ. ಕೋಣೆಯ ಬಾಗಿಲು ತೆರೆಯುವ ಕಾರ್ಡನ್ನು ನಾನೇ ಕಂಪ್ಯೂಟರ್‌ನಲ್ಲಿ ರದ್ದು ಮಾಡುತ್ತಿದ್ದೆ.

ಹಾಸನದ ಹುಡುಗಿ:
ಮಂಜಣ್ಣ, ಇದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಈ ಹೋಮ್‌ಕೀ ಶುರುವಾಗಿದ್ದು ಹೇಗೆ? ಇಲ್ಲೇ ಬೇ ಏರಿಯಾದ ಮಿಲ್‌ಪಿಟಾಸ್ ಊರಿನಲ್ಲಿ ಒಂದು ಆಗಿದೆ, ಆಗ ದೊಡ್ಡ ಜಗಳ ಆಗಿತ್ತು ಅಂತ ಯಾರೋ ಹೇಳಿದರು.

ತುಂಗೆಯ ದಡ:
ಕೋವಿಡ್‌ನಿಂದ ಶುರು. 2020ರ ಏಪ್ರಿಲ್‌ನಲ್ಲಿ ರೂಮ್‌ಕೀ ಅಂತ ಮಾಡಿದರು. ಹೋಟೆಲ್‌ಗಳು ಖಾಲಿ ಹೊಡೆಯುತ್ತಿದ್ದವು, ಶೆಲ್ಟರ್‌ಗಳಲ್ಲಿ ಸೋಂಕು ಹರಡುವ ಭಯ. 15,000 ಕೋಣೆ ಬಾಡಿಗೆಗೆ ಹಿಡಿಯುವ ಗುರಿ, ಖರ್ಚಿನಲ್ಲಿ ಮುಕ್ಕಾಲು ಪಾಲು ಕೇಂದ್ರ ಸರ್ಕಾರದ ವಿಪತ್ತು ನೆರವಿನ ಸಂಸ್ಥೆ ಫೀಮಾದ್ದು. ಆದರೆ ಬಾಡಿಗೆ ಎಷ್ಟು ದಿನ ಕಟ್ಟುತ್ತೀರಿ? ಅದೇ ಬೇಸಿಗೆಯಲ್ಲಿ, ಬಾಡಿಗೆ ಬೇಡ, ಕಟ್ಟಡವನ್ನೇ ಕೊಂಡುಬಿಡೋಣ ಅಂತ ಹೋಮ್‌ಕೀ ಬಂತು. ಮೊದಲ ಸುತ್ತಿನಲ್ಲಿ 84.6 ಕೋಟಿ ಡಾಲರ್, 94 ಜಾಗ, ಸುಮಾರು 6,000 ಮನೆ.

ಮೇಷ್ಟ್ರು ಲೆಕ್ಕ ಕೇಳುತ್ತಾರೆ, ಹೇಳಿಬಿಡುತ್ತೇನೆ. ಭಾಗಿಸಿದರೆ ಒಂದು ಮನೆಗೆ ಹೆಚ್ಚುಕಮ್ಮಿ 1 ಲಕ್ಷ 40 ಸಾವಿರ ಡಾಲರ್ ಬಂತು. ಲಾಸ್ ಏಂಜಲೀಸ್‌ನಲ್ಲಿ 2016ರಲ್ಲಿ ಜನ ಮತ ಹಾಕಿ 120 ಕೋಟಿ ಡಾಲರ್ ಸಾಲ ಎತ್ತುವ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಅದರಲ್ಲಿ ಹೊಸದಾಗಿ ಕಟ್ಟಿದ ಇಂಥದ್ದೇ ಮನೆ ಒಂದಕ್ಕೆ ಸರಾಸರಿ 6 ಲಕ್ಷದ ಹತ್ತಿರ ಹೋಯಿತು, ವರ್ಷಗಟ್ಟಲೆ ಸಮಯವೂ ಹಿಡಿಯಿತು.

ಲೆಕ್ಕದ ಮೇಷ್ಟ್ರು:
ಕೊಳ್ಳುವ ಲೆಕ್ಕ ಒಪ್ಪಿದೆ. ಮಿಲ್‌ಪಿಟಾಸ್ ಕಥೆ ನಾನು ಹೇಳುತ್ತೇನೆ, ಆಗ ನಾನು ಅಲ್ಲೇ ಇದ್ದೆ. ಹಿಲ್‌ವ್ಯೂ ಕೋರ್ಟ್‌ನಲ್ಲಿದ್ದ ಎಕ್ಸ್‌ಟೆಂಡೆಡ್ ಸ್ಟೇ ಅಮೆರಿಕ ಹೋಟೆಲ್. 130ಕ್ಕೂ ಹೆಚ್ಚು ಸ್ಟುಡಿಯೊ ಮನೆ ಮಾಡಿದರು. ಜನರ ಹತ್ತಿರ ಒಂದು ಮಾತು ಸರಿಯಾಗಿ ಕೇಳಲಿಲ್ಲ ಅನ್ನುವುದು ಎಲ್ಲರ ಸಿಟ್ಟು. ಹೋಟೆಲ್ ತೆರಿಗೆ ಊರಿಗೆ ಖೋತಾ ಆಗುತ್ತದೆ ಅನ್ನುವುದು ಇನ್ನೊಂದು. ಸಿಟಿ ಕೌನ್ಸಿಲ್ ಕೋರ್ಟಿಗೆ ಹೋಗುವ ಮಾತಾಡಿ, ಆಮೇಲೆ ಹಿಂದೆ ಸರಿಯಿತು. ಯಾಕೆ ಗೊತ್ತಾ? 2020ರಲ್ಲೇ ಕಾನೂನು ಮಾಡಿ, ಹೋಮ್‌ಕೀ ಕಟ್ಟಡಗಳಿಗೆ ಪರಿಸರ ಪರಿಶೀಲನೆ ಬೇಡ, ಎಲ್ಲಿ ಏನು ಕಟ್ಟಬಹುದು ಅನ್ನುವ ಊರಿನ ವಲಯ ನಿಯಮ ಅಡ್ಡ ಬರುವುದಿಲ್ಲ ಅಂತ ಮಾಡಿಬಿಟ್ಟಿದ್ದರು. ನೀವು ಸಭೆಗೆ ಹೋಗಿ ಬೇಡ ಅಂದರೂ ಬರುವುದು ಬರುತ್ತದೆ. ಇದೇ ನನಗೆ ಉರಿಯುವುದು.

ಬೇಲಿ ಮೇಲೆ ಕೂತವ:
ಹಾಗಾದರೆ ಸಹಿ ಯಾಕೆ ಹಾಕಿದಿರಿ ಸರ್?

ಲೆಕ್ಕದ ಮೇಷ್ಟ್ರು:
ಉರಿಯುತ್ತದೆ ಅಂತ ಹೇಳಿದೆನಲ್ಲ.

ಇಟ್ಟಿಗೆ ಗಾರೆ:
ನಾನು ಕಟ್ಟಡದ ಕಡೆಯವನು, ಅದರ ಬಗ್ಗೆ ಮಾತ್ರ ಹೇಳುತ್ತೇನೆ. ಮಿಲ್‌ಪಿಟಾಸ್‌ನಲ್ಲಿ ಕೆಲಸ ಬೇಗ ಮುಗಿದದ್ದಕ್ಕೆ ಒಂದು ಕಾರಣ ಇದೆ. ಅದು ತಿಂಗಳುಗಟ್ಟಲೆ ಉಳಿಯುವವರ ಹೋಟೆಲ್. ಕೋಣೆಯಲ್ಲೇ ಒಲೆ, ಸಿಂಕ್, ಫ್ರಿಜ್ ಇದ್ದವು. ಮಾಮೂಲಿ ಮೋಟೆಲ್ ಹಾಗಲ್ಲ.

ಒಂದು ಮೋಟೆಲ್ ಕೋಣೆ ಅಂದರೆ ಸುಮಾರು 300 ಚದರ ಅಡಿ. ಕಿಟಕಿ ಕೆಳಗೆ ಗೋಡೆ ಕೊರೆದು ಕೂರಿಸಿದ ಎಸಿ. ಅದು ಓಡುವಾಗ ಮೈಕ್ರೋವೇವ್ ಹಾಕಿ ನೋಡಿ, ಬ್ರೇಕರ್ ಬಿದ್ದುಹೋಗುತ್ತದೆ. ಹಳೇ ಕಟ್ಟಡದಲ್ಲಿ ಎರಡು ಮೂರು ಕೋಣೆಗೆ ಒಂದೇ ಸರ್ಕ್ಯೂಟ್ ಇರುವುದೂ ಉಂಟು. ಅಂಥ ಕಡೆ ಅಡುಗೆ ಮೂಲೆ ಬೇಕು ಅಂದರೆ ಪ್ಯಾನೆಲ್‌ನಿಂದಲೇ ವೈರಿಂಗ್ ಹೊಸದಾಗಬೇಕು. ಟ್ರಾನ್ಸ್‌ಫಾರ್ಮರ್ ಬದಲಿಸಬೇಕಾದರೆ ವಿದ್ಯುತ್ ಕಂಪನಿಗೆ ಅರ್ಜಿ ಹಾಕಿ ಕಾಯುತ್ತಾ ಕೂರಬೇಕು. ಅಲ್ಲೇ ಎಷ್ಟೋ ಕೆಲಸ ನಿಂತುಬಿಡುತ್ತವೆ. ಸ್ನಾನದ ತೊಟ್ಟಿ ತೆಗೆದು, ಗಾಲಿಕುರ್ಚಿ ಒಳಗೆ ಹೋಗುವ ಹಾಗೆ ಬಚ್ಚಲು ಮಾಡಬೇಕು. ಅಲ್ಲಿಗೆ ಬರುವವರಲ್ಲಿ ವಯಸ್ಸಾದವರು, ಮಂಡಿ ಹೋದವರು, ಕಾಲು ಬೆರಳು ತೆಗೆಸಿಕೊಂಡ ಸಕ್ಕರೆ ಕಾಯಿಲೆಯವರು ಜಾಸ್ತಿ. ಎರಡಂತಸ್ತಿನ ಮೋಟೆಲ್‌ಗೆ ಲಿಫ್ಟ್ ಇರುವುದಿಲ್ಲ, ಹೊರಗಿನ ಮೆಟ್ಟಿಲೇ ಗತಿ. ಬೆಂಕಿ ಬಿದ್ದರೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಕೂಡ ಹೊಸದಾಗಿ ಬೇಕಾಗಬಹುದು. ಕಾರ್ಪೆಟ್ ಅಂತೂ ಮೊದಲು ಕಿತ್ತು ಬಿಸಾಡಬೇಕು, ತಿಗಣೆ ಕಾಟ.

ಹಾಸನದವರೇ, ಕೋಣೆಯಲ್ಲಿ ಒಲೆ ಇರುತ್ತಾ, ಕೆಳಗಿನ ಮಹಡಿಯಲ್ಲಿ ಗಾಲಿಕುರ್ಚಿಗೆ ಆಗುವಂಥ ಕೋಣೆ ಎಷ್ಟು ಅಂತ ಕೇಳಿ. ಒಲೆಯಿಲ್ಲದ ಕೋಣೆ ಕೊಟ್ಟರೆ ಜನ ದಿನವಿಡೀ ಹೊರಗೆ ತಿರುಗುತ್ತಾರೆ. ಆಮೇಲೆ ನೋಡಿ ಹೇಗೆ ಓಡಾಡುತ್ತಾರೆ ಅಂತ ನೀವೇ ದೂರುತ್ತೀರಿ.

ಚಿಕ್ಕಪೇಟೆ:
ಬೆಂಗಳೂರಿನಿಂದ ಓದುತ್ತಿದ್ದೇನೆ. ಒಲೆ, ಲಿಫ್ಟ್, ಬಚ್ಚಲು ಅಂತೆಲ್ಲ ನೋಡಿ ನಗು ಬಂತು, ತಪ್ಪು ತಿಳಿಯಬೇಡಿ. ಇಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಒಂದು ಲಕ್ಷ ಜನರಿಗೆ ಒಂದು ರಾತ್ರಿ ತಂಗುದಾಣ ಅನ್ನುವ ಲೆಕ್ಕ ಬಂತು. 2013ರ ನಗರ ಜೀವನೋಪಾಯ ಅಭಿಯಾನದಲ್ಲಿ ಒಬ್ಬರಿಗೆ 50 ಚದರ ಅಡಿ ಅಂತ ಬರೆದಿದ್ದಾರೆ. ನಿಮ್ಮ ಒಂದು ಕೋಣೆ ನಮ್ಮಲ್ಲಿ ಆರು ಜನರಿಗೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಮನೆಯಿಲ್ಲದವರು 17.7 ಲಕ್ಷ. ನಿಜ ಸಂಖ್ಯೆ ಅದಕ್ಕಿಂತ ಜಾಸ್ತಿ ಇರಬೇಕು, ಫುಟ್‌ಪಾತ್ ನೋಡಿದವರಿಗೆ ಗೊತ್ತು.

ನನ್ನ ಕೆಲಸ ಕೆ.ಆರ್. ಮಾರ್ಕೆಟ್ ಹತ್ತಿರ. ಅಲ್ಲಿ ಅಂಗಡಿ ಮುಂದೆ ಮಲಗುವವರಲ್ಲಿ ಹಮಾಲಿಗಳೇ ಬಹಳ. ತರಕಾರಿ ಲಾರಿ ಬೆಳಗಿನ ಜಾವ ಬರುತ್ತದೆ, ಆಗ ಅಲ್ಲಿರದಿದ್ದರೆ ಅವತ್ತಿನ ಕೂಲಿ ಹೋಯಿತು. ಅವರಿಗೆ ಊರ ಹೊರಗೆ ಅರಮನೆ ಕೊಟ್ಟರೂ ಹೋಗುವುದಿಲ್ಲ. ಮೆಜೆಸ್ಟಿಕ್ ಸುತ್ತ ಹಳೇ ಲಾಡ್ಜ್‌ಗಳು ಎಷ್ಟೋ ಇವೆ. ಅವುಗಳಲ್ಲಿ ಎರಡು ಮೂರನ್ನು ಪಾಲಿಕೆ ಕೊಂಡರೆ ಸಾಕು ಅಂತ ನನಗೆ ಅನಿಸುತ್ತದೆ. ರೈಲು ಇಳಿದವರಿಗೆ ತಂಗಲು ಗುಬ್ಬಿ ತೋಟದಪ್ಪನವರು ನೂರು ವರ್ಷದ ಹಿಂದೆಯೇ ಅಲ್ಲಿ ಛತ್ರ ಕಟ್ಟಿಸಿದ್ದರು. ಆದರೆ ನಮ್ಮ ಸರ್ಕಾರಕ್ಕೆ ಈಗಲೂ ಇರುವ ದಾರಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಹಿಡಿದು ತಂದು ಮಾಗಡಿ ರಸ್ತೆಯ ಕೇಂದ್ರಕ್ಕೆ ಹಾಕುವುದು. ಅದಕ್ಕೆ ನಾವು ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಸೆಸ್ ಕಟ್ಟುತ್ತೇವೆ. ಎಷ್ಟು ಜನಕ್ಕೆ ಇದು ಗೊತ್ತು?

ತುಂಗೆಯ ದಡ:
ಚಿಕ್ಕಪೇಟೆಯವರು ಹೇಳಿದ ಜಾಗದ ಮಾತು ಇಲ್ಲಿಗೂ ನಿಜ. ಬಸ್ ಇಲ್ಲದ ಕಡೆ ಮನೆ ಕೊಟ್ಟರೆ ಡಯಾಲಿಸಿಸ್‌ಗೆ ಹೋಗುವವರು ಏನು ಮಾಡಬೇಕು?

ಬರುವವರು ಯಾರು ಅಂತ ಹೇಳಿದರೆ ಹಾಸನದ ತಂಗಿಗೆ ಸ್ವಲ್ಪ ಸಮಾಧಾನ ಆಗಬಹುದು. ಬೀದಿಯಿಂದ ಸಿಕ್ಕಸಿಕ್ಕವರನ್ನು ಕರೆತರುವುದಿಲ್ಲ. ಕೌಂಟಿಗೆ ಒಂದೇ ಸರತಿ ಪಟ್ಟಿ ಇರುತ್ತದೆ. ಕಾಯಿಲೆ, ವಯಸ್ಸು, ಎಷ್ಟು ಕಾಲ ಹೊರಗಿದ್ದರು ಎಲ್ಲ ನೋಡಿ ಕರೆಯುತ್ತಾರೆ. ಬಾಡಿಗೆ ಆದಾಯದಲ್ಲಿ ನೂರಕ್ಕೆ 30. ವಯಸ್ಸಾದ, ಅಂಗವೈಕಲ್ಯ ಇರುವ ಬಡವರಿಗೆ ಸರ್ಕಾರ ಕೊಡುವ ಎಸ್‌ಎಸ್‌ಐ ಪಿಂಚಣಿ ತಿಂಗಳಿಗೆ ಸುಮಾರು 1,200 ಡಾಲರ್ ಬರುವವರು 360 ಕಟ್ಟುತ್ತಾರೆ.

ನಮ್ಮಲ್ಲಿಗೆ ಬಂದ ಅರವತ್ತು ದಾಟಿದ ಒಬ್ಬರು ಮಂಚ ಮುಟ್ಟಲೇ ಇಲ್ಲ. ಬಾಗಿಲ ಪಕ್ಕ ನೆಲದ ಮೇಲೆ, ಶೂ ಹಾಕಿಕೊಂಡೇ ಮಲಗುತ್ತಿದ್ದರು. ಬಾಗಿಲು ಸ್ವಲ್ಪ ತೆರೆದೇ ಇರಬೇಕು. ಬೀದಿಯಲ್ಲಿ ಶೂ ಬಿಚ್ಚಿದರೆ ಬೆಳಗ್ಗೆ ಇರುವುದಿಲ್ಲ, ಅದೇ ಅಭ್ಯಾಸ. ಅವರಿಗೆ ಮೊದಲು ಕೊಟ್ಟಿದ್ದು ಹೋಟೆಲಿನ ಪ್ಲಾಸ್ಟಿಕ್ ಕಾರ್ಡ್. ದಿನಕ್ಕೆ ಹತ್ತು ಸಲ ಕೆಳಗಿಳಿದು ಬಂದು, ಇದು ನಾಳೆಯೂ ಕೆಲಸ ಮಾಡುತ್ತಾ ಅಂತ ಕೇಳುತ್ತಿದ್ದರು. ಮಂಜಣ್ಣನ ಮಾತು ಓದಿದಾಗ ಅದು ಯಾಕೆ ಅಂತ ಇನ್ನೂ ಚೆನ್ನಾಗಿ ಅರ್ಥವಾಯಿತು. ಕೊನೆಗೆ ಬಾಗಿಲಿಗೆ ಮಾಮೂಲಿ ಬೀಗ ಹಾಕಿಸಿ, ಕಬ್ಬಿಣದ ಕೀ ಕೊಟ್ಟೆವು. ಕೇಳುವುದು ನಿಂತಿತು. ಮಂಚ ಹತ್ತಲು ಮಾತ್ರ ಇನ್ನೂ ಬಹಳ ಕಾಲ ಹಿಡಿಯಿತು.

ಲೆಕ್ಕದ ಮೇಷ್ಟ್ರು:
ಇಂಥ ಒಬ್ಬರ ಕಥೆ ಕೇಳಿದರೆ ಯಾರಿಗಾದರೂ ಮನಸ್ಸು ಕರಗುತ್ತದೆ. ಆದರೆ ಅಲ್ಲಿ ನೂರು ಜನ ಇರುತ್ತಾರೆ. ಕುಡಿತ, ಡ್ರಗ್ಸ್ ಬಿಡಬೇಕು ಅನ್ನುವ ಷರತ್ತು ಇಲ್ಲ. 2016ರಿಂದ ರಾಜ್ಯದ ದುಡ್ಡು ಬೇಕಾದರೆ ಮೊದಲು ಮನೆ, ಆಮೇಲೆ ಉಳಿದದ್ದು ಅನ್ನುವ ನಿಯಮ. ರಾತ್ರಿ ಎರಡು ಗಂಟೆಗೆ ಗಲಾಟೆ ಆದರೆ ಯಾರು ಬರುತ್ತಾರೆ? ನೀವು ಐದು ಗಂಟೆಗೆ ಮನೆಗೆ ಹೋಗುತ್ತೀರಿ ಅಲ್ವಾ?

ತುಂಗೆಯ ದಡ:
ಈಗ ನೀವು ಸರಿಯಾದ ಪ್ರಶ್ನೆ ಕೇಳಿದಿರಿ. ಷರತ್ತಿನ ಬಗ್ಗೆ ಮೊದಲು ಹೇಳುತ್ತೇನೆ. ಮಿಲ್‌ಪಿಟಾಸ್ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲೇ ಆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆಸ್ಪತ್ರೆ, ಜೈಲು, ತುರ್ತು ಚಿಕಿತ್ಸೆ ಅಂತ ಸುತ್ತುತ್ತಲೇ ಇದ್ದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಷರತ್ತಿಲ್ಲದೆ ಮನೆ, ಜೊತೆಗೆ ಸಿಬ್ಬಂದಿ ಕೊಟ್ಟ ಗುಂಪಿನಲ್ಲಿ 86% ಜನ ಮನೆ ಸೇರಿದರು, ಹೆಚ್ಚಿನವರು ವರ್ಷಗಟ್ಟಲೆ ಉಳಿದರು. ಮಾನಸಿಕ ತುರ್ತು ಚಿಕಿತ್ಸೆಗೆ ಓಡುವುದು ಕಡಿಮೆಯಾಯಿತು. ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲೂ ಕುಡಿಯುವವರಿದ್ದಾರೆ. ಆಂಬುಲೆನ್ಸ್ ಬರುತ್ತದೆ.

ರಾತ್ರಿ ಎರಡು ಗಂಟೆ ವಿಷಯ. ಡೆಸ್ಕ್‌ನಲ್ಲಿ 24 ಗಂಟೆ ಜನ ಇರಬೇಕು. ಒಬ್ಬ ಕೇಸ್ ಮ್ಯಾನೇಜರ್‌ಗೆ 20, 25 ಮನೆ ಅಂದರೆ ಕೆಲಸ ನಡೆಯುತ್ತದೆ. ಅದು 40, 50 ಆದರೆ ನಾನು ಬರೀ ಫಾರಂ ತುಂಬುತ್ತೇನೆ, ಯಾರ ಬಾಗಿಲೂ ತಟ್ಟುವುದಿಲ್ಲ. ಮೊದಲ ಸುತ್ತಿನ ಹೋಮ್‌ಕೀ ಹಣದಲ್ಲಿ ದೊಡ್ಡ ಪಾಲು ಹೋಗಿದ್ದು ಕಟ್ಟಡಕ್ಕೆ. ನಡೆಸುವ ಖರ್ಚಿಗೆ ಮೊದಲ ಒಂದೆರಡು ವರ್ಷಕ್ಕೆ ಸ್ವಲ್ಪ ಕೊಟ್ಟರು. ಆದರೆ ಕರಾರಿನ ಪ್ರಕಾರ ಕಟ್ಟಡ 55 ವರ್ಷ ಬಡವರಿಗೇ ಇರಬೇಕು. ನಡುವಿನ ಅಷ್ಟೂ ವರ್ಷ ಸಂಬಳ ಕೊಡುವವರು ಯಾರು?

ಮೋಟೆಲ್ ಮಂಜ:
ಇದೇ ಮುಖ್ಯ. ಕೋಣೆ ಕೊಡುವುದು ಒಂದು ದಿನದ ಕೆಲಸ, ನಡೆಸುವುದು ದಿನಾ ಬೆಳಗಿನ ಕೆಲಸ. ಮೇಲಿನ ಕೋಣೆಯ ಟಾಯ್ಲೆಟ್ ಕಟ್ಟಿಕೊಂಡು ಕೆಳಗಿನ ಕೋಣೆಯ ಸೀಲಿಂಗ್ ತೊಟ್ಟಿಕ್ಕುವಾಗ ಪ್ಲಂಬರ್‌ಗೆ ಕೊಡಲು ದುಡ್ಡಿದೆಯಾ ಅನ್ನುವುದೇ ಪ್ರಶ್ನೆ.

ಇಟ್ಟಿಗೆ ಗಾರೆ:
ದುಡ್ಡಿಲ್ಲದಿದ್ದರೆ ಏನಾಗುತ್ತದೆ ಅಂತ ಲಾಸ್ ಏಂಜಲೀಸ್‌ನಲ್ಲಿ ನೋಡಿದ್ದೇವೆ. ಸ್ಕಿಡ್ ರೋ ಹೌಸಿಂಗ್ ಟ್ರಸ್ಟ್ ಅಂತ 1989ರಲ್ಲಿ ಶುರುವಾದ ಸಂಸ್ಥೆ. ಹಳೇ ಹೋಟೆಲ್‌ಗಳನ್ನು ಕೊಂಡು ಮನೆ ಮಾಡುವುದರಲ್ಲಿ ದೇಶಕ್ಕೇ ಹೆಸರಾಗಿತ್ತು. 29 ಕಟ್ಟಡ. 2023ರಲ್ಲಿ ದಿವಾಳಿ ಹಂತಕ್ಕೆ ಬಂತು, ಕೋರ್ಟ್ ಬೇರೆಯವರ ಕೈಗೆ ಒಪ್ಪಿಸಬೇಕಾಯಿತು. ಹಳೇ ಕಟ್ಟಡಗಳು, ಹಲವರು ಹಂಚಿಕೊಳ್ಳುವ ಬಚ್ಚಲು, ಖಾಲಿ ಬಿದ್ದ ಕೋಣೆಗಳು, ಬರುವ ಬಾಡಿಗೆಗಿಂತ ರಿಪೇರಿ ಖರ್ಚು ಜಾಸ್ತಿ.

ಅಲ್ಲೇ ಸೆಸಿಲ್ ಹೋಟೆಲ್ ಇದೆ. ಹೆಸರು ಕೇಳಿರುತ್ತೀರಿ, 1924ರದ್ದು, 600 ಕೋಣೆ. 2021ರ ಡಿಸೆಂಬರ್‌ನಲ್ಲಿ ಬಡವರ ವಸತಿಯಾಗಿ ಬಾಗಿಲು ತೆರೆಯಿತು. ಒಂದು ವರ್ಷ ಆದರೂ ಹೆಚ್ಚಿನ ಕೋಣೆ ಖಾಲಿ. ಹೊರಗೆ ಅದೇ ಬೀದಿಯಲ್ಲಿ ಡೇರೆಗಳು. ಪುಟ್ಟ ಕೋಣೆ, ಹಂಚಿಕೊಳ್ಳುವ ಬಚ್ಚಲು, ಮುಗಿಯದ ಕಾಗದಪತ್ರ. ಮನೆಯಿಲ್ಲದವರಿಗೂ ಬೇಕು ಬೇಡ ಇರುತ್ತದೆ ಅನ್ನುವುದನ್ನು ಕಡತ ತಯಾರಿಸಿದವರು ಮರೆತಿದ್ದರು.

ಹಾಸನದ ಹುಡುಗಿ:
ಚೆನ್ನಾಗಿ ನಡೆದ ಉದಾಹರಣೆಯೂ ಒಂದು ಹೇಳಿ, ಗಾರೆಯವರೇ. ಇದನ್ನೇ ಓದಿಕೊಂಡು ಹೋದರೆ ನಾನೂ ಸಹಿ ಹಾಕಿಬಿಡುತ್ತೇನೆ.

ಇಟ್ಟಿಗೆ ಗಾರೆ:
ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಹೋಟೆಲ್. ಹಾಳು ಬಿದ್ದಿದ್ದ ಕಟ್ಟಡ. 1990ರಲ್ಲಿ ರೋಸಾನ್ ಹ್ಯಾಗರ್ಟಿ ಕಾಮನ್ ಗ್ರೌಂಡ್ ಅನ್ನುವ ಸಂಸ್ಥೆ ಕಟ್ಟಿ, ಅದನ್ನು 652 ಮನೆ ಮಾಡಿದರು. ನಗರದ ನಟ್ಟನಡುವೆ. ಅವರು ಮಾಡಿದ ಜಾಣತನ ಏನೆಂದರೆ, ಬೀದಿಯಿಂದ ಬಂದವರನ್ನೇ ಪೂರ್ತಿ ತುಂಬಲಿಲ್ಲ. ಹೆಚ್ಚುಕಮ್ಮಿ ಅರ್ಧದಷ್ಟು ಮನೆ ಕಡಿಮೆ ಸಂಬಳದ ಕೆಲಸಗಾರರಿಗೆ ಕೊಟ್ಟರು. ನಾಟಕದವರು, ಹೋಟೆಲ್ ಕೆಲಸದವರು. ಬಾಗಿಲಲ್ಲಿ ಹಗಲೂ ರಾತ್ರಿ ಜನ. ಆಮೇಲೆ ಪ್ರಿನ್ಸ್ ಜಾರ್ಜ್ ಹೋಟೆಲನ್ನೂ ಹೀಗೇ ಮಾಡಿದರು.

ಮನೆ ಬೆಲೆ ಬಿದ್ದುಹೋಗುತ್ತದೆ ಅಂತ ನಿಮ್ಮ ಗುಂಪಿನಲ್ಲಿ ಖಂಡಿತ ಯಾರಾದರೂ ಹೇಳಿರುತ್ತಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫರ್ಮನ್ ಸೆಂಟರ್ 2008ರಲ್ಲಿ ನ್ಯೂಯಾರ್ಕಿನ ಇಂಥ ಕಟ್ಟಡಗಳ ಸುತ್ತಲಿನ ಮಾರಾಟ ಬೆಲೆ ನೋಡಿ, ಬೀಳಲಿಲ್ಲ ಅಂತ ಹೇಳಿದೆ. ಅದು ನ್ಯೂಯಾರ್ಕ್ ಅಂತ ಮೇಷ್ಟ್ರು ಹೇಳುತ್ತಾರೆ, ಅದೂ ಸರಿಯೇ.

ಲೆಕ್ಕದ ಮೇಷ್ಟ್ರು:
ಹೇಳುವವನಿದ್ದೆ. ಇನ್ನೊಂದು ಸೇರಿಸುತ್ತೇನೆ. ಬಾಡಿಗೆಯ ಉಳಿದ ಭಾಗ ಕೇಂದ್ರ ಸರ್ಕಾರ ಬಾಡಿಗೆ ನೆರವಿಗೆ ಕೊಡುವ ವೋಚರ್‌ನಿಂದ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕೋವಿಡ್ ಕಾಲದಲ್ಲಿ, 2021ರಲ್ಲಿ ದೇಶಕ್ಕೆಲ್ಲ 70,000 ತುರ್ತು ವೋಚರ್ ಕೊಟ್ಟರು. 2026ಕ್ಕೆ ಹಣ ಮುಗಿಯುತ್ತದೆ ಅಂತ ಕೇಂದ್ರದ ಇಲಾಖೆ 2025ರಲ್ಲಿ ಪತ್ರ ಬರೆದಿದೆ. ನಿಮ್ಮ ಮೋಟೆಲ್‌ಗೆ ಯಾವ ವೋಚರ್, ಎಷ್ಟು ವರ್ಷದ್ದು, ಕಟ್ಟಡಕ್ಕೆ ಅಂಟಿದ್ದೋ ಮನುಷ್ಯನ ಜೊತೆ ಹೋಗುವುದೋ? ಬರಹದಲ್ಲಿ ಕೇಳಿ.

ತುಂಗೆಯ ದಡ:
ಮೇಷ್ಟ್ರೇ, ನೀವು ನಮ್ಮ ಕಚೇರಿಗೆ ಬಂದುಬಿಡಿ. ಈ ಪ್ರಶ್ನೆ ನಮ್ಮ ಮೇಲಿನವರಿಗೆ ಕೇಳುವವರೇ ಇಲ್ಲ.

ಹಾಸನದ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಕೌಂಟಿಗೆ ಮೇಲ್ ಬರೆದು ಕಳಿಸಿದೆ. ಪ್ರತಿ ಕೋಣೆಯಲ್ಲಿ ಅಡುಗೆಗೆ ವ್ಯವಸ್ಥೆ ಇದೆಯಾ, ಒಬ್ಬ ಕೇಸ್ ಮ್ಯಾನೇಜರ್‌ಗೆ ಎಷ್ಟು ಮನೆ, ರಾತ್ರಿ ಡೆಸ್ಕ್‌ನಲ್ಲಿ ಯಾರು, ಅಕ್ಕಪಕ್ಕದವರು ಫೋನ್ ಮಾಡಿದರೆ ಎತ್ತುವವರು ಯಾರು, ನಡೆಸುವ ಹಣ ಎಲ್ಲಿಂದ, ಯಾವ ವರ್ಷದವರೆಗೆ. ಮಗಳ ಸ್ಕೂಲ್ ದಾರಿಯ ವಿಷಯವನ್ನೂ ಬರೆದಿದ್ದೇನೆ, ಮುಚ್ಚಿಡುವುದು ಏನಿದೆ. ಅಲ್ಲೊಂದು ದಾರಿ ದೀಪ ಕೆಟ್ಟು ಕೂತಿದೆ, ಅದನ್ನೂ ಸೇರಿಸಿದೆ. ಸಭೆಯಲ್ಲೂ ಇವನ್ನೇ ಕೇಳುತ್ತೇನೆ.

ಮೋಟೆಲ್ ಮಂಜ:
ಒಂದು ಕಿವಿಮಾತು ತಂಗಿ. ಸಭೆಗೆ ಜನ ಜಾಸ್ತಿ ಬಂದರೆ ಒಬ್ಬೊಬ್ಬರಿಗೆ ಒಂದೇ ನಿಮಿಷ ಕೊಡುತ್ತಾರೆ. ಅಷ್ಟರಲ್ಲಿ ಇದೆಲ್ಲ ಆಗುವುದಿಲ್ಲ. ಬಾಗಿಲಲ್ಲೇ ಮಾತಾಡುವವರ ಚೀಟಿ ತುಂಬಿ ಕೊಡಿ, ಪ್ರಶ್ನೆಗಳನ್ನು ನಾಲ್ಕು ಜನ ಹಂಚಿಕೊಳ್ಳಿ.

ಲೆಕ್ಕದ ಮೇಷ್ಟ್ರು:
ವೋಚರ್ ಪ್ರಶ್ನೆ ನನಗಿರಲಿ. ಸಹಿ ಮಾತ್ರ ವಾಪಸ್ ತಗೊಳ್ಳುವುದಿಲ್ಲ.